ಸೂತಕ ಮುಟ್ಟದ ಪೆಟ್ಟಿಗೆ

ಮನುಷ್ಯಕುಲದ ಮುಂದಿರುವ ದೊಡ್ಡ ಪ್ರಶ್ನೆಗಳನ್ನು ಯಾರಾದರೂ ಪಟ್ಟಿ ಮಾಡುವುದಿದ್ದರೆ, ಕರೇಹೊಂಡ ಗ್ರಾಮದ ಕೊಂಡಿಮನೆಯ ಗೋಡೆಯಲ್ಲಿ ಒಂದೇ ಒಂದು ಪ್ಲಗ್ಗು ಇದ್ದದ್ದನ್ನು ಮೊದಲ ಸಾಲಿನಲ್ಲಿ ಬರೆಯಬೇಕು. ಆ ಪ್ಲಗ್ಗಿಗೆ ಹಕ್ಕುದಾರರು ಇಬ್ಬರು. ಒಂದು, ರಾಜ್ಯ ಸರಕಾರದ ಕೊಂಡಿಪೆಟ್ಟಿಗೆ. ಇನ್ನೊಂದು, ಅಟೆಂಡರ್ ಯಮನೂರಪ್ಪನ ಚಹದ ಕೆಟಲು. ಪೆಟ್ಟಿಗೆ ಇಪ್ಪತ್ನಾಲ್ಕು ತಾಸೂ ಎಚ್ಚರವಿರಬೇಕೆಂದು ಸರಕಾರದ ಆದೇಶ. ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಚಹ ಕುದಿಯಬೇಕೆಂದು ಯಮನೂರಪ್ಪನ ಆದೇಶ. ಮೂರು ವರ್ಷ ಈ ಎರಡು ಆದೇಶಗಳು ಒಂದೇ ಪ್ಲಗ್ಗಿನ ಮೂರು ತೂತುಗಳಲ್ಲಿ ಸಂಸಾರ ಮಾಡಿದವು. ಎರಡನೆಯ ಪ್ಲಗ್ಗು ಬೇಕೆಂದು ಯಮನೂರಪ್ಪ ಬರೆದ ಅರ್ಜಿ ಏಳು ಕಚೇರಿ ಸುತ್ತಿ, ಹೋದಲ್ಲೆಲ್ಲ ಒಂದೊಂದು ಮೊಹರು ಹೊಡೆಸಿಕೊಂಡು, ಕೊನೆಗೆ ಮೊಹರುಗಳ ನಡುವೆ ಅರ್ಜಿಯೇ ಕಾಣದಂತಾಗಿತ್ತು.

ಆ ತಿಂಗಳ ಒಂದನೆಯ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ತಾಲೂಕು ಊರು ಹಿರೇಮುಗಳಿಯಿಂದ ಫೋನು ಬಂತು. ಅಲ್ಲಿಯ ಕೊಂಡಿಮನೆಯ ಮೇಲ್ವಿಚಾರಕಿ ನೀಲಗಂಗಾ ಹಾದಿಮನಿ ಮಾತಾಡುತ್ತಿದ್ದಳು.

"ಯಮನೂರಪ್ಪ, ನಿನ್ನ ಪೆಟಿಗಿ ಮತ್ತ ಮಲಗೇತಿ."

"ಮಲಗಿಲ್ರೀ ಮೇಡಮ್ಮಾರ, ಚಾ ಕುದಿಯಾಕತ್ತೇತಿ."

"ಸರಕಾರ ದೊಡ್ಡದೋ ನಿನ್ನ ಚಾ ದೊಡ್ಡದೋ?"

"ಸರಕಾರ ಕುಡ್ಯಾಕ ಬರಂಗಿಲ್ರೀ."

ಇದಕ್ಕೆ ನೀಲಗಂಗಾ ಹೇಳಿದ ಮಾತನ್ನು ಇಲ್ಲಿ ಬರೆಯುವುದು ಬೇಡ. ಯಮನೂರಪ್ಪನ ಮನಸ್ಸಿಗೆ ಅದು ನಾಟಿತು. ಹೋದ ವರ್ಷದ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ‘ಎರಡನೇ ಪ್ಲಗ್ಗು ಬರುವ ತನಕ ಈ ಪೆಟ್ಟಿಗೆ ಹಚ್ಚುವುದಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು, ಪೆಟ್ಟಿಗೆಯ ಮೂತಿಗೇ ಅಂಟಿಸಿದ. ಪ್ಲಗ್ಗು ಕಾಯಮ್ಮಾಗಿ ಕೆಟಲಿನ ಪಾಲಾಯಿತು.

ಅಂದು ನಡೆದದ್ದು ಇಷ್ಟೇ. ಮುಂದಿನದು ತಿಳಿಯಬೇಕಾದರೆ ಪೆಟ್ಟಿಗೆಯೊಳಗೆ ಏನಿತ್ತು ಎಂಬುದು ತಿಳಿಯಬೇಕು.

ಹದಿನಾರು ವರ್ಷದ ಹಿಂದೆ ಬೆಳಗಾವಿ ಕಡೆಯ ಪದ್ಮಾವತಿ ಉಪಾಧ್ಯೆ ಎಂಬ ಎಂಜಿನಿಯರಮ್ಮ ಕೊಂಡಿಜಾಲವನ್ನು ಕಟ್ಟಿದಳು. ಆಕೆಯ ನಿಯಮ ಒಂದು ಸಾಲಿನದು: ಕಾಗದ ಒಡೆಯನದು, ಕೊಂಡಿ ಊರಿನದು. ಆಸ್ಪತ್ರೆಯ ದಫ್ತರು, ಕಂಪನಿಯ ದಿನಚರಿ, ಪಂಚಾಯತಿಯ ಠರಾವು ಎಲ್ಲ ಅವರವರ ಕಡೆಯೇ ಇರುತ್ತವೆ. ಅವುಗಳ ಒಂದಕ್ಷರವನ್ನೂ ಬೇರೆಯವರು ತಿದ್ದುವಂತಿಲ್ಲ. ಆದರೆ ಒಂದು ಕಾಗದದ ಒಂದು ಸಾಲಿಗೂ ಇನ್ನೊಂದು ಕಾಗದದ ಒಂದು ಸಾಲಿಗೂ ನಡುವೆ ಯಾರು ಬೇಕಾದರೂ ಕೊಂಡಿ ಕಟ್ಟಬಹುದು. ಆ ಕೊಂಡಿ ಕಾಗದದ ಒಳಗೆ ಇರುವುದಿಲ್ಲ, ಹೊರಗೆ, ಊರೂರಿನ ಕೊಂಡಿಮನೆಯ ಪೆಟ್ಟಿಗೆಯಲ್ಲಿರುತ್ತದೆ. ಕಾಗದ ಓದುವವರಿಗೆ ಆ ಸಾಲಿನ ಪಕ್ಕ ಕೆಂಪು ಚುಕ್ಕೆ ಕಾಣುತ್ತದೆ. ಬೆರಳಿಟ್ಟರೆ ಇನ್ನೊಂದು ತುದಿಗೆ ಹೋಗಿ ನಿಲ್ಲುತ್ತಾರೆ. ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ.

ಇದಕ್ಕೆ ರಾಜಧಾನಿ ಎಂಬುದಿರಲಿಲ್ಲ. ಇನ್ನೂರ ಹನ್ನೆರಡು ಕೊಂಡಿಮನೆಗಳು. ಪ್ರತಿ ಮನೆ ತನ್ನೂರಿನ ಕೊಂಡಿಗಳನ್ನು ಇಟ್ಟುಕೊಂಡು, ಅಕ್ಕಪಕ್ಕದ ಎರಡು ಮನೆಗಳಿಗೆ ಒಂದೊಂದು ಪ್ರತಿ ಕೊಡುತ್ತಿತ್ತು. ಪೆಟ್ಟಿಗೆಗಳು ತಾಸಿಗೊಮ್ಮೆ ಮಾತಾಡಿಕೊಳ್ಳುತ್ತಿದ್ದವು. ‘ನನ್ನ ಕಡೆ ಇದು ಐತಿ, ನಿನ್ನ ಕಡೆ ಇಲ್ಲ, ತಗೋ.’ ಹೀಗೆ ಯಾರ ಮನೆ ಸುಟ್ಟರೂ ಕೊಂಡಿ ಉಳಿಯುತ್ತಿತ್ತು.

ಇಂಥ ವ್ಯವಸ್ಥೆಯಲ್ಲಿ ಕಷ್ಟವಾದದ್ದು ಅಳಿಸುವುದು. ಒಂದು ಮನೆ ಅಳಿಸಿದರೆ ಪಕ್ಕದ ಮನೆ ‘ಅಯ್ಯೋ ನಿನ್ನ ಕಡೆ ಇಲ್ಲೇನು, ತಗೋ’ ಎಂದು ಮತ್ತೆ ಕೊಟ್ಟುಬಿಡುತ್ತದೆ. ಆದ್ದರಿಂದ ಕೊಂಡಿಯನ್ನು ಅಳಿಸಬೇಕಾದರೆ ಅದರ ಸಾವಿನ ಸುದ್ದಿಯನ್ನು ಎಲ್ಲ ಮನೆಗೂ ಕಳಿಸಬೇಕು. ಸುದ್ದಿ ಮುಟ್ಟಿದ ಮನೆ ಕೊಂಡಿಯನ್ನು ಬಿಸಾಕಿ, ಸುದ್ದಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಆಮೇಲೆ ಯಾರಾದರೂ ಅದೇ ಕೊಂಡಿ ತಂದುಕೊಟ್ಟರೆ ‘ಇದು ಸತ್ತೇತಿ’ ಎಂದು ಒಲ್ಲೆನ್ನುತ್ತದೆ. ಸತ್ತವರ ಸುದ್ದಿಯನ್ನು ಜನ್ಮಪೂರ್ತಿ ಇಟ್ಟುಕೊಂಡರೆ ಪೆಟ್ಟಿಗೆ ತುಂಬಿಹೋಗುತ್ತದಲ್ಲ, ಅದಕ್ಕೆ ಹನ್ನೊಂದು ದಿನ ಇಟ್ಟುಕೊಂಡು ಮರೆತುಬಿಡಬೇಕೆಂದು ಉಪಾಧ್ಯೆ ನಿಯಮ ಬರೆದಳು. ಆಕೆಯ ಕೈಕೆಳಗಿನ ಹುಡುಗಿಯರು ಅದನ್ನು ಸೂತಕ ಎಂದು ಕರೆದರು. ಕೈಪಿಡಿಯಲ್ಲೂ ಅದೇ ಹೆಸರು ಬಿತ್ತು. ‘ಹನ್ನೊಂದು ದಿನಕ್ಕಿಂತ ಹೆಚ್ಚು ಯಾವ ಪೆಟ್ಟಿಗೆ ತಾನೇ ಮಲಗಿದ್ದೀತು?’ ಎಂದು ಉಪಾಧ್ಯೆ ಕೇಳಿದ್ದಳಂತೆ. ದೊಡ್ಡ ತಲೆಯ ಹೆಂಗಸು. ಆದರೆ ಆಕೆ ಚಹ ಕುಡಿಯುತ್ತಿರಲಿಲ್ಲ.

ಹಿರೇಮುಗಳಿ ತಾಲೂಕಿಗೆ ಹತ್ತಿಯ ಬೀಜವೇ ಬದುಕು. ಬೀಜವೆಂದರೆ ಬಿತ್ತಿ ಬೆಳೆದದ್ದಲ್ಲ, ಕೈಯಿಂದ ಮಾಡಿದ್ದು. ಮಧ್ಯಾಹ್ನ ಹೆಂಗಸರು ಸಾಲುಗಳಲ್ಲಿ ನಿಂತು ನಾಳೆ ಅರಳಬೇಕಾದ ಮೊಗ್ಗನ್ನು ಉಗುರಿನಿಂದ ಸೀಳಿ, ಗಂಡು ಭಾಗವನ್ನು ಕಿತ್ತು ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗ ತಂದು ಒರೆಸಿ, ತೊಟ್ಟಿಗೆ ಕೆಂಪು ದಾರ ಕಟ್ಟುತ್ತಾರೆ. ಇದಕ್ಕೆ ಅಲ್ಲಿ ಕ್ರಾಸಿಂಗ್ ಎನ್ನುತ್ತಾರೆ. ಕೊಯ್ಲಿನಲ್ಲಿ ದಾರವಿದ್ದ ಕಾಯಿಯನ್ನು ಮಾತ್ರ ಬೀಜಕ್ಕೆ ಬಿಡಿಸುತ್ತಾರೆ. ದಾರವಿಲ್ಲದ್ದು ಯಾವ ಅಪ್ಪನದೋ ಯಾರಿಗೆ ಗೊತ್ತು. ಕೊಂಡಿಜಾಲ ಬಂದಾಗ ಪಟ್ಟಣದ ಪದವೀಧರರಿಗೆ ತಿಂಗಳುಗಟ್ಟಲೆ ತರಬೇತಿ ಬೇಕಾಯಿತು. ಕ್ರಾಸಿಂಗಿನ ಹೆಂಗಸರು ಒಂದು ಮಧ್ಯಾಹ್ನ ಕುಳಿತು ನೋಡಿ, "ದಾರ ಕಟ್ಟೂದೇನ, ಇಷ್ಟs ಹೌದಿಲ್ಲೋ?" ಎಂದು ಎದ್ದುಹೋದರು.

ಫಕ್ಕೀರವ್ವ ಹಾವನೂರ ಇಪ್ಪತ್ತೆರಡು ವರ್ಷ ಕ್ರಾಸಿಂಗ್ ಮಾಡಿದವಳು. ದಿನಕ್ಕೆ ಎಂಟುನೂರು ಮೊಗ್ಗು ಸೀಳುತ್ತಿದ್ದ ಕೈ. ನಾಲ್ಕು ವರ್ಷದ ಹಿಂದೆ ಬೀಜದ ಕಂಪನಿ ಹೊಸ ಔಷಧವೊಂದನ್ನು, ಹೆಂಗಸರ ಬಾಯಲ್ಲಿ ‘ಎಣ್ಣಿ’, ಬೆಳೆಗೆ ಹೊಡೆಯಲು ಶುರುಮಾಡಿತು. ಅದು ಹೊಡೆದ ಎರಡು ದಿನಕ್ಕೆ ಬೆರಳು ಜುಮುಗುಟ್ಟುತ್ತಿತ್ತು, ಆಮೇಲೆ ನಡುಗುತ್ತಿತ್ತು, ಆಮೇಲೆ ಬಿಡುತ್ತಿತ್ತು. ಮೂರನೆಯ ವರ್ಷ ಬಿಡಲಿಲ್ಲ. ಈಗ ಆಕೆಗೆ ಸೂಜಿಗೆ ದಾರ ಪೋಣಿಸಲಾಗದು, ರೊಟ್ಟಿ ಬಡಿದರೆ ಅಂಚು ಹರಿಯುತ್ತದೆ. ಮಗಳು ಮಂಜವ್ವನಿಗೆ ಹತ್ತೊಂಬತ್ತು. ಜಡೆ ಹೆಣೆಯಬೇಕಾದರೆ ತಾಯಿ ಈಗ ಹಿಂದೆ ಕೂರುವುದಿಲ್ಲ; ಮಂಜವ್ವ ಕನ್ನಡಿ ಇಲ್ಲದೆ ತಾನೇ ಹೆಣೆದುಕೊಳ್ಳಲು ಕಲಿತಿದ್ದಾಳೆ. ಬರುವ ಹಂಗಾಮಿಗೆ ತಾಯಿಯ ಸಾಲಿನಲ್ಲಿ ಮಗಳು ನಿಲ್ಲಬೇಕು.

"ನನ್ನ ಕೈ ಹ್ವಾದ್ವು, ಹೋಗ್ಲಿ," ಎಂದು ಫಕ್ಕೀರವ್ವ ನೀಲಗಂಗಾಳ ಮುಂದೆ ಕುಳಿತು ಹೇಳಿದ್ದಳು. "ಆಕೀವು ಉಳೀಬೇಕು. ಆ ಎಣ್ಣಿ ನಿಲ್ಲಿಸೂದು ಹ್ಯಾಂಗ, ಅದನ್ನ ಹೇಳ್ರಿ."

ಔಷಧ ನಿಲ್ಲಿಸುವ ಅಧಿಕಾರ ಕಾರ್ಮಿಕ ಆರೋಗ್ಯ ಮಂಡಳಿಗಿತ್ತು. ಮಂಡಳಿಗೆ ಸಾಕ್ಷ್ಯ ಬೇಕಿತ್ತು. ಸಾಕ್ಷ್ಯ ಇತ್ತು, ಆದರೆ ಮೂರು ಕಡೆ ಹರಿದು ಬಿದ್ದಿತ್ತು. ಕಾನೂನಿನ ಪ್ರಕಾರ ಕಂಪನಿ ಪ್ರಕಟಿಸುವ ಸಿಂಪಡಣೆಯ ದಿನಚರಿಯಲ್ಲಿ ಒಂದು ತಿಂಗಳು ‘ಹದಿನಾಲ್ಕು, ಏಳನೇ ಪ್ಲಾಟು’ ಎಂದಿತ್ತು. ಹಾಜರಿ ಪುಸ್ತಕದಲ್ಲಿ ಅಂದು ಏಳನೇ ಪ್ಲಾಟಿನಲ್ಲಿದ್ದ ಐದು ಹೆಸರಿದ್ದವು. ಅದೇ ತಿಂಗಳ ಹದಿನಾರರಂದು ಆರೋಗ್ಯ ಕೇಂದ್ರದ ದಫ್ತರಿನಲ್ಲಿ ಅದೇ ಐದು ಹೆಸರು, ಎದುರಿಗೆ ವೈದ್ಯರ ಅಕ್ಷರದಲ್ಲಿ ‘ಕೈನಡುಕ, ಆಯಾಸವಿರಬಹುದು.’ ಯಾವ ಕಾಗದವೂ ಸುಳ್ಳು ಹೇಳಿರಲಿಲ್ಲ. ಪ್ರತಿಯೊಂದೂ ತನ್ನ ಪಾಲಿನ ಸತ್ಯವನ್ನು ಹೇಳಿ ಬಾಯಿ ಮುಚ್ಚಿಕೊಂಡಿತ್ತು. ಫಕ್ಕೀರವ್ವ ಮತ್ತು ನೀಲಗಂಗಾ ಎಂಟು ತಿಂಗಳು ಕುಳಿತು, ನಾಲ್ಕು ವರ್ಷದ ಕಾಗದಗಳ ನಡುವೆ ಮೂವತ್ತೊಂದು ಕೊಂಡಿ ಕಟ್ಟಿದರು. ಮಂಡಳಿಯ ವಿಚಾರಣೆ ಹದಿನಾರನೆಯ ತಾರೀಖಿಗೆ ಎಂದು ನಿಗದಿಯಾಯಿತು. ವಿಚಾರಣೆಯ ದಿನ ಜಾಲದ ಮೇಲೆ ಕಾಣುವುದಷ್ಟೇ ಸಾಕ್ಷ್ಯ, ಮುದ್ರಿತ ಪ್ರತಿ ನಡೆಯದು ಎಂಬುದು ಮಂಡಳಿಯ ನಿಯಮ. ಹಿಂದೊಮ್ಮೆ ಯಾರೋ ಖೊಟ್ಟಿ ಪ್ರತಿ ತಂದಿದ್ದರಂತೆ.

ಅಷ್ಟರಲ್ಲಿ ಸರಕಾರದ ಏಕಸೂತ್ರ ಯೋಜನೆ ಬಂತು: ಕೊಂಡಿಮನೆಗಳೆಲ್ಲ ರಾಜಧಾನಿಯ ಒಂದು ಕೇಂದ್ರದ ಕೈಕೆಳಗೆ.

ಅದನ್ನು ತಂದ ವಿಶೇಷಾಧಿಕಾರಿ ಸುಧನ್ವ ಬಹಳ ಸಜ್ಜನ. ಎದುರಿನವರ ಮಾತು ಮುಗಿಯುವವರೆಗೆ ತಲೆಯಾಡಿಸುತ್ತ ಕಾಯುತ್ತಿದ್ದ. ಮುಗಿದ ಮೇಲೆ ತನ್ನ ಹಿಂದಿನ ವಾಕ್ಯದಿಂದಲೇ ಮುಂದುವರಿಸುತ್ತಿದ್ದ. ಹಿಂದಿನ ತಿಂಗಳು ಹಿರೇಮುಗಳಿಗೆ ಬಂದು ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸಿದ್ದ. ಹಳೆಯ ಜಾಲ ಗೋಜಲಾಗಿ, ಕಪ್ಪಗಿತ್ತು. ಹೊಸದು ನಡುವೆ ಒಂದು ಸೂರ್ಯ, ಸುತ್ತ ಕಿರಣ.

"ಜಾಲದಲ್ಲಿ ಶಿಸ್ತಿಲ್ಲ," ಎಂದ ಸುಧನ್ವ. "ಯಾರು ಬೇಕಾದ್ರೂ ಯಾರ ಕಾಗದಕ್ಕೆ ಬೇಕಾದ್ರೂ ಕೊಂಡಿ ಹಾಕ್ತಾರೆ. ನಿಮ್ಮನೆ ಗೋಡೆಗೆ ಪಕ್ಕದವರು ಮೊಳೆ ಹೊಡೆದ್ರೆ ಒಪ್ತೀರಾ ಮೇಡಂ?"

"ಗ್ವಾಡಿಗೆ ಮೊಳಿ ಹೊಡದಿಲ್ರೀ ಸರ್. ಬೀದ್ಯಾಗ ನಿಂತು ಬೊಟ್ಟು ಮಾಡ್ಯಾರ," ಎಂದಳು ನೀಲಗಂಗಾ.

"ಚೆನ್ನಾಗಿ ಹೇಳಿದ್ರಿ. ಇನ್ಮೇಲೆ ಬೊಟ್ಟು ಮಾಡೋದಕ್ಕೂ ಒಪ್ಪಿಗೆ ಬೇಕು, ಅಷ್ಟೇ. ಎರಡೂ ಕಾಗದದ ಒಡೆಯರದ್ದು. ಮೂರನೇ ತಾರೀಖು ಬೆಳಿಗ್ಗೆ ಹತ್ತರೊಳಗೆ ಒಪ್ಪಿಗೆ ಬರದ ಕೊಂಡಿಗಳು ಬೀಳ್ತವೆ."

"ಕಳ್ಳನ ಕಡೆ ಬೊಟ್ಟು ಮಾಡಾಕ ಕಳ್ಳನ ಒಪ್ಪಿಗಿ ಕೇಳಬೇಕೇನ್ರೀ?"

ಸುಧನ್ವ ತಲೆಯಾಡಿಸಿದ. "ನೋಡಿ, ಒಂದೇ ಒಂದು ಕಾಗದಾನೂ ನಾವು ಮುಟ್ತಾ ಇಲ್ಲ. ಒಂದಕ್ಷರಾನೂ ಅಳಿಸ್ತಾ ಇಲ್ಲ."

ಅದು ನಿಜ. ಕೊಂದವರಿಗೂ ಕತ್ತಿ ತೊಳೆಯುವ ಕೆಲಸವಿರುತ್ತದೆ; ಇವರಿಗೆ ಅದೂ ಇರಲಿಲ್ಲ.

ಮೂರನೆಯ ತಾರೀಖು ಹತ್ತು ಗಂಟೆಗೆ ನೀಲಗಂಗಾ ತನ್ನ ಕೋಣೆಯ ಪರದೆಯ ಮುಂದೆ ಕುಳಿತಿದ್ದಳು. ಪರದೆಯ ಮೇಲೆ ಇನ್ನೂರ ಹನ್ನೆರಡು ದೀಪ, ಮನೆಗೊಂದರಂತೆ. ಕಂಪನಿಗೆ ಆಕೆ ಒಪ್ಪಿಗೆ ಕೇಳಿ ಮೂವತ್ತೊಂದು ಪತ್ರ ಕಳಿಸಿ, ಮೂವತ್ತೊಂದಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಪಡೆದಿದ್ದಳು. ಹತ್ತು ಬಡಿಯಿತು. ರಾಜಧಾನಿಯಿಂದ ಹೊರಟ ಸಾವಿನ ಸುದ್ದಿಗಳು ನೆರೆಮನೆಯಿಂದ ನೆರೆಮನೆಗೆ ದಾಟಿದವು. ಹದಿಮೂರು ವರ್ಷ ಆಕೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯ್ದ ಜಾಲ, ಒಂದು ತೊಡಕಿಲ್ಲದೆ, ನಾಲ್ಕೇ ನಿಮಿಷದಲ್ಲಿ ಸಾವನ್ನು ಎಲ್ಲ ಕಡೆ ಮುಟ್ಟಿಸಿತು. ಇಷ್ಟು ಚೊಕ್ಕಟವಾಗಿ ಇಟ್ಟದ್ದಕ್ಕೆ ತನ್ನ ಕೆನ್ನೆಗೇ ಹೊಡೆದುಕೊಳ್ಳಬೇಕೆನ್ನಿಸಿತು ಆಕೆಗೆ. ದೀಪಗಳು ಒಂದೊಂದೇ ಹಳದಿಯಾಗಿ ಮತ್ತೆ ಹಸಿರಾದವು. ಮೂಲೆಯಲ್ಲಿ ಒಂದು ಮಾತ್ರ ಕಪ್ಪಗಿತ್ತು, ಕರೇಹೊಂಡ. ‘ಇವನೊಬ್ಬ, ಇವನ ಚಾ ಒಂದು,’ ಎಂದು ಅದಕ್ಕೂ ಒಂದು ಬೈಗುಳ ಬಿತ್ತು.

ಮಧ್ಯಾಹ್ನ ಫಕ್ಕೀರವ್ವ, ಮಂಜವ್ವ ಬಂದರು. ಕಂಪನಿಯ ದಿನಚರಿ ತೆರೆದು ನೋಡಿದರು. ‘ಹದಿನಾಲ್ಕು, ಏಳನೇ ಪ್ಲಾಟು’ ಇತ್ತು. ಪಕ್ಕದ ಕೆಂಪು ಚುಕ್ಕೆ ಇರಲಿಲ್ಲ.

"ಕಾಗದ ಅಲ್ಲೇ ಐತಲ್ರೀ?" ಎಂದಳು ಮಂಜವ್ವ.

"ಐತಿ ತಂಗಿ. ಅದಕ್ಕ ಯಾರೂ ಏನೂ ಮಾಡಿಲ್ಲ," ಎಂದಳು ನೀಲಗಂಗಾ.

ಫಕ್ಕೀರವ್ವ ಪರದೆಯ ಹತ್ತಿರ ಬಂದು, ನಡುಗುವ ಬೆರಳನ್ನು ಆ ಸಾಲಿನ ಮೇಲಿಟ್ಟಳು. ಬೆರಳು ಸಾಲು ಬಿಟ್ಟು ಸಾಲಿಗೆ ಹಾರಾಡಿತು.

"ಹೊಲದಾಗ ಒಂದು ದಾರ ಹರಿದ್ರ ಒಂದು ದಿನದ ಕೂಲಿ ಹಿಡೀತಾರ್ರೀ," ಎಂದಳು. "ಇವರು ಇಷ್ಟೆಲ್ಲಾ ಹರದ್ರಲ್ಲ, ಇವರ್ದು ಯಾರು ಹಿಡಿಯೋರು?"

ಅವರಿಬ್ಬರೂ ಹೋದ ಮೇಲೆ ನೀಲಗಂಗಾ ಉಪಾಧ್ಯೆಯ ಕೈಪಿಡಿ ತೆಗೆದು, ಬೈಯುವುದಕ್ಕಾದರೂ ಒಂದು ಸಾಲು ಸಿಕ್ಕೀತೆಂದು ಓದತೊಡಗಿದಳು. ಎರಡು ದಿನ ಓದಿದಳು. ಐದನೆಯ ತಾರೀಖು ಮಧ್ಯಾಹ್ನ ‘ಸೂತಕ’ ಎಂಬ ಅಧ್ಯಾಯದ ಕೊನೆಯಲ್ಲಿ, ಸಣ್ಣಕ್ಷರದ ಎಚ್ಚರಿಕೆ ಸಿಕ್ಕಿತು. ಸೂತಕದ ಅವಧಿಗಿಂತ ಹೆಚ್ಚು ಕಾಲ ಮಲಗಿದ್ದ ಪೆಟ್ಟಿಗೆ ಎದ್ದರೆ ಅದಕ್ಕೆ ಸಾವಿನ ಸುದ್ದಿ ತಿಳಿದಿರುವುದಿಲ್ಲ. ಉಳಿದವು ಅಷ್ಟರಲ್ಲಿ ಮರೆತಿರುತ್ತವೆ. ಸತ್ತ ಕೊಂಡಿಗಳನ್ನು ಅದು ಜೀವಂತವೆಂದೇ ಹಂಚುತ್ತದೆ, ಉಳಿದವು ತೆಗೆದುಕೊಳ್ಳುತ್ತವೆ. ಇದನ್ನು ತಪ್ಪಿಸುವುದು.

ನೀಲಗಂಗಾ ಪರದೆಯ ಮೂಲೆಯ ಕಪ್ಪು ದೀಪ ನೋಡಿದಳು. ಕರೇಹೊಂಡ ಹಿರೇಮುಗಳಿಯ ನೆರೆಮನೆ. ಹಿರೇಮುಗಳಿಯ ಪ್ರತಿಯೊಂದು ಕೊಂಡಿಯ ಪ್ರತಿ ಅಲ್ಲಿತ್ತು. ಒಂದನೆಯ ತಾರೀಖಿನಿಂದ ಅದು ಎದ್ದಿರಲಿಲ್ಲ. ಇನ್ನು ಹದಿನಾಲ್ಕರ ಬೆಳಿಗ್ಗೆ ಹತ್ತರವರೆಗೆ ಏಳಬಾರದು. ಅದಕ್ಕೆ ಮೊದಲು ಒಂದು ನಿಮಿಷ ಎದ್ದರೂ ನೆರೆಯವರು ಸಾವಿನ ಸುದ್ದಿ ಹೇಳಿಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಕೇಂದ್ರ ಒಪ್ಪಿಗೆ ಕೇಳುವುದು ಮನುಷ್ಯರು ಹೊಸದಾಗಿ ಕಟ್ಟಿದ ಕೊಂಡಿಗೆ. ಪೆಟ್ಟಿಗೆ ಪೆಟ್ಟಿಗೆಗೆ ಕೊಟ್ಟದ್ದನ್ನು ಯಾರೂ ಕೇಳುವುದಿಲ್ಲ.

ಆಕೆ ಫೋನಿಗೆ ಕೈಹಾಕಿದಳು.

"ಯಮನೂರಪ್ಪ, ಪೆಟಿಗಿ ಹಚ್ಚೀಯೇನು?"

"ಇಲ್ರೀ. ನೀವು ಎಷ್ಟರೇ ಬೈರಿ, ಪ್ಲಗ್ಗು ಬರೂತನಕ—"

"ಹಚ್ಚಬ್ಯಾಡ."

"ಮೈಯಾಗ ಆರಾಮದೀರೇನ್ರೀ ಮೇಡಮ್ಮಾರ?"

ಎಲ್ಲ ತಿಳಿಸಿದ ಮೇಲೆ ಯಮನೂರಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಅಂದ್ರ ಹದಿನಾಕರ ತನಕಾ ಚಾ ಕುಡ್ಯಾಕ ಸರಕಾರದ ಅಪ್ಪಣಿ ಐತಿ ಅಂದಂಗಾತು?"

"ಸರಕಾರದ್ದಲ್ಲ. ನಂದು."

"ನಿಮ್ದ ಇದ್ರ ಸಾಕ್ರೀ."

ಆದರೆ ಏಕಸೂತ್ರ ಎಂದರೆ ಎಲ್ಲ ದೀಪಗಳೂ ಹಸಿರಿರಬೇಕು. ಎಂಟನೆಯ ತಾರೀಖು ಸುಧನ್ವ ಫೋನು ಮಾಡಿ, ಕರೇಹೊಂಡವೊಂದು ಏಕೆ ಕಪ್ಪಗಿದೆ ಎಂದು ವಿನಯದಿಂದ ವಿಚಾರಿಸಿದ. ಪ್ಲಗ್ಗಿನ ತೊಂದರೆ, ಅರ್ಜಿ ಕೊಟ್ಟು ಮೂರು ವರ್ಷವಾಯಿತು ಎಂದಳು ನೀಲಗಂಗಾ. ಇನ್ನೂ ಮೂರು ವರ್ಷ ಹಿಡಿದೀತೆಂಬ ಭರವಸೆ ಆಕೆಗಿತ್ತು. "ಮೂರು ವರ್ಷಾನಾ? ನಾಚಿಕೆಗೇಡು," ಎಂದ ಸುಧನ್ವ. "ಇವತ್ತೇ ಮಂಜೂರು ಮಾಡಿಸ್ತೀನಿ." ಮಾಡಿಸಿಬಿಟ್ಟ. ಈ ರಾಜ್ಯದಲ್ಲಿ ಒಂದು ಕೆಲಸ ಒಂದೇ ದಿನದಲ್ಲಿ ಆದದ್ದಕ್ಕೆ ಯಾರಾದರೂ ಕಣ್ಣೀರು ಹಾಕಿದ್ದರೆ ಅದು ನೀಲಗಂಗಾ ಹಾದಿಮನಿ.

ಒಂಬತ್ತನೆಯ ತಾರೀಖು ಬೆಳಿಗ್ಗೆ ಎಲೆಕ್ಟ್ರಿಶಿಯನ್ ಇಮಾಮಸಾಬ ಡ್ರಿಲ್ಲು ಹಿಡಿದುಕೊಂಡು ಕರೇಹೊಂಡಕ್ಕೆ ಬಂದ. ಯಮನೂರಪ್ಪ ಬಾಗಿಲಿಗೆ ಅಡ್ಡ ನಿಂತ.

"ಗ್ವಾಡಿ ಪಂಚಾಯ್ತೀದು. ಪರವಾನಗಿ ಎಲ್ಲೈತಿ?"

"ಲೇ ಯಮನೂರಿ, ಅರ್ಜಿ ನಿಂದs ಐತಲ್ಲೋ! ಇಲ್ನೋಡು, ನಿನ್ನ ಸಹಿ."

"ಆವಾಗ ಬ್ಯಾರೆ ಮನಸ್ಸಿತ್ತು."

"ಮೂರು ವರ್ಷ ಕಂಡಕಂಡಲ್ಲಿ ಪ್ಲಗ್ಗು ಪ್ಲಗ್ಗು ಅಂತ ಜೀವಾ ತಿಂದಿ. ಈಗ ಪ್ಲಗ್ಗು ಮನೀಬಾಗ್ಲಿಗೆ ಬಂದ್ರ ಪರವಾನಗಿ ಕೇಳ್ತಿ?"

ಯಮನೂರಪ್ಪ ಇಮಾಮಸಾಬನ ಕೈಯಲ್ಲಿದ್ದ ಹೊಸ ಪ್ಲಗ್ಗಿನ ಡಬ್ಬಿ ನೋಡಿದ. ಬಿಳಿ, ಹೊಳಪು, ಅದರಲ್ಲೊಂದು ಸಣ್ಣ ಕೆಂಪು ದೀಪ ಬೇರೆ. ಡಬ್ಬಿಯನ್ನು ಒಮ್ಮೆ ಸವರಿದ. ಒಳಗೆ ಕರೆದು, ಚಹ ಕೊಟ್ಟು, ಸಂಗತಿ ಹೇಳಿದ. ಇಮಾಮಸಾಬ ಲೋಟ ಕೆಳಗಿಟ್ಟ. ಅವನ ಹೆಂಡತಿಯೂ ಅದೇ ಏಳನೇ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡುವವಳು.

"ನಮ್ಮಾಕಿ ಬಳಿ ಇಟಗೊಳ್ಳೂದು ಬಿಟ್ಟಾಳ," ಎಂದ. "ಸಪ್ಪಳ ಆಗ್ತಾವ ಅಂತ. ಸುಮ್ಮ ಕುಂತ್ರೂ ಆಗ್ತಾವ." ಆಮೇಲೆ ಎದ್ದು ಡ್ರಿಲ್ಲು ಚೀಲಕ್ಕೆ ಹಾಕಿದ. "ಡ್ರಿಲ್ಲಿನ ಬಿಟ್ಟು ಮುರೀತು ಅಂತ ಬರೀತೀನಿ. ಹೊಸಾದು ಹುಬ್ಬಳ್ಳಿಯಿಂದ ಬರಬೇಕು. ವಾರ ಹಿಡೀತೈತಿ."

ಡಬ್ಬಿಯನ್ನು ಇಟ್ಟುಹೋಗೆಂದು ಯಮನೂರಪ್ಪ ಕೇಳಿದ. ನೋಡಿಕೊಂಡಾದರೂ ಇರುತ್ತೇನೆ ಎಂದ. ಇಮಾಮಸಾಬ ಕೊಡಲಿಲ್ಲ.

ಹದಿಮೂರರ ಬೆಳಿಗ್ಗೆ ಹತ್ತೂವರೆಗೆ ಸುಧನ್ವ ಸ್ವತಃ ಹಿರೇಮುಗಳಿಗೆ ಬಂದಿಳಿದ. ಸಂಜೆ ಮಂತ್ರಿಗಳ ಮುಂದೆ ಇನ್ನೂರ ಹನ್ನೆರಡು ಹಸಿರು ದೀಪ ತೋರಿಸಬೇಕಿತ್ತು. ಅವನ ಕಾರಿನಲ್ಲಿ ಒಂದು ಎಕ್ಸ್‌ಟೆನ್ಶನ್ ಬೋರ್ಡು ಇತ್ತು. ಒಂದು ತುದಿ ಗೋಡೆಗೆ, ಇನ್ನೊಂದು ತುದಿಯಲ್ಲಿ ನಾಲ್ಕು ಪ್ಲಗ್ಗು. ಯಾವ ಕಿರಾಣಿ ಅಂಗಡಿಯಲ್ಲೂ ಸಿಗುವ ಈ ವಸ್ತುವಿನ ಯೋಚನೆ ಮೂರು ವರ್ಷ ಏಳು ಕಚೇರಿಗಳಲ್ಲಿ ಒಬ್ಬರಿಗೂ ಬಂದಿರಲಿಲ್ಲ. ನೀಲಗಂಗಾಳಿಗೂ ಬಂದಿರಲಿಲ್ಲ. ಅರ್ಜಿ ಕೊಟ್ಟ ಮೇಲೆ ಯೋಚನೆ ಮಾಡುವುದು ಸರಕಾರಿ ನೌಕರರಲ್ಲಿ ರೂಢಿಯಿಲ್ಲ.

"ಬನ್ನಿ ಮೇಡಂ, ಹೋಗಿ ಹಾಕಿಬಿಡೋಣ. ಹತ್ತು ನಿಮಿಷದ ಕೆಲಸ," ಎಂದ.

ಸ್ಯಾಂಡಲ್ ಹುಡುಕುವ ನೆಪದಲ್ಲಿ ಒಳಗೆ ಹೋಗಿ ಆಕೆ ಎರಡು ಫೋನು ಮಾಡಿದಳು. ಕಾರು ಕರೇಹೊಂಡ ಮುಟ್ಟುವಷ್ಟರಲ್ಲಿ ಕೊಂಡಿಮನೆಯೊಳಗೆ ಫಕ್ಕೀರವ್ವ, ಮಂಜವ್ವ ಸೇರಿ ಕ್ರಾಸಿಂಗಿನ ಹದಿನೆಂಟು ಹೆಂಗಸರು ನೆಲದ ಮೇಲೆ ಕುಳಿತಿದ್ದರು. ಕೆಟಲು ಕುದಿಯುತ್ತಿತ್ತು. ಸುಧನ್ವ ಚಪ್ಪಲಿ ಬಿಟ್ಟು ಒಳಬಂದು ಎಲ್ಲರಿಗೂ ನಮಸ್ಕಾರ ಮಾಡಿದ. ಮಾಡದೆ ಇದ್ದಿದ್ದರೆ ಅವನ ಮೇಲೆ ಸಿಟ್ಟಾಗುವುದು ಎಷ್ಟೋ ಸುಲಭವಾಗುತ್ತಿತ್ತು.

"ಇದೊಂದು ನಿಮಿಷ ತೆಗೀತೀನಮ್ಮ," ಎಂದು ಕೆಟಲಿನ ಪಿನ್ನು ಕಿತ್ತು, ಬೋರ್ಡಿನ ಪಿನ್ನನ್ನು ಗೋಡೆಗೆ ಚುಚ್ಚಿದ. ಬೋರ್ಡಿನ ಕೆಂಪು ದೀಪ ಹೊತ್ತಿಕೊಂಡಿತು. ಪೆಟ್ಟಿಗೆಯ ಮೂತಿಯ ಮೇಲಿದ್ದ ಕ್ಯಾಲೆಂಡರ್ ಹಾಳೆ ಓದಿ ನಕ್ಕು, ಅದನ್ನು ಬಿಡಿಸಿ, ಮಡಚಿ, ಯಮನೂರಪ್ಪನ ಕೈಗೆ ಕೊಟ್ಟ. ಪೆಟ್ಟಿಗೆಯ ವೈರು ಎತ್ತಿಕೊಂಡ.

"ಸಾಹೇಬ್ರ," ಎಂದಳು ಫಕ್ಕೀರವ್ವ. "ಮನೀಗೆ ಬಂದೋರು ಚಾ ಕುಡೀಲಾರದ ಕೆಲಸಕ್ಕ ಕೈ ಹಚ್ಚಬಾರದು."

"ಮೊದಲು ಇದು ಹಾಕಿಬಿಡ್ತೀನಮ್ಮ."

"ಏ, ಮೊದಲ ಚಾ. ನಮ್ಮೂರಾಗ ಹಂಗs."

ಆಕೆ ಎದ್ದು ಲೋಟಕ್ಕೆ ಚಹ ಬಗ್ಗಿಸಿಕೊಂಡಳು. ಅರ್ಧ ಕೆಳಗೆ ಚೆಲ್ಲಿತು. ಮಂಜವ್ವ ಹಾರಿ ಎದ್ದು, "ಯವ್ವಾ, ಕೊಡಿಲ್ಲಿ, ನಾ ಕೊಡ್ತೀನಿ," ಎಂದಳು.

"ಕುಂದರು ನೀನು."

ಮಂಜವ್ವ ಕುಳಿತಳು. ಫಕ್ಕೀರವ್ವ ಎರಡು ಕೈಯಲ್ಲಿ ಲೋಟ ಹಿಡಿದು ನಾಲ್ಕು ಹೆಜ್ಜೆ ನಡೆದಳು. ಹದಿನೇಳು ಹೆಂಗಸರು ಆ ಕೈಗಳನ್ನೇ ನೋಡುತ್ತಿದ್ದರು. ಎಂಟುನೂರು ಮೊಗ್ಗು ಸೀಳುತ್ತಿದ್ದ ಕೈ. ಬೋರ್ಡಿನ ಮೇಲೆ ಬಂದಾಗ ಲೋಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿ, ಒಮ್ಮೆಲೇ ಮಗುಚಿತು. ಠಪ್ ಎಂದು ನೀಲಿ ಬೆಂಕಿ ಹಾರಿತು. ಸುಧನ್ವ ವೈರು ಬಿಟ್ಟು ಹಿಂದೆ ಜಿಗಿದ. ಫ್ಯಾನು ನಿಂತಿತು. ಹೊರಗೆ ಹಿಟ್ಟಿನ ಗಿರಣಿಯ ಸದ್ದು ಇಳಿಯುತ್ತ ಇಳಿಯುತ್ತ ನಿಂತುಹೋಯಿತು. ಇಡೀ ಕರೇಹೊಂಡದ ಕರೆಂಟು ಹೋಗಿತ್ತು.

"ಅಮ್ಮಾ! ನೋಡ್ಕೊಂಡು ಕೊಡಬಾರ್ದಾ?" ಎಂದ ಸುಧನ್ವ. ಅವನು ದನಿ ಎತ್ತಿದ್ದು ಅದೇ ಮೊದಲು.

"ಕೈ ನಡುಗತಾವ್ರೀ."

"ಯಾಕೆ, ಏನಾಗಿದೆ?"

"ಕಾಗದದಾಗ ಐತ್ರೀ, ಎಲ್ಲಾ ಬರದಾರ," ಎಂದಳು ಫಕ್ಕೀರವ್ವ, ಅವನ ಮುಖವನ್ನೇ ನೋಡುತ್ತ. "ಆದರ ಒಂದು ಕಾಗದದಿಂದ ಇನ್ನೊಂದಕ್ಕ ಹೋಗಾಕ ನಿಮಗ ದಾರಿ ಸಿಗಂಗಿಲ್ಲ. ದಾರಿ ನೀವs ಕಡದೀರಿ."

ಸುಧನ್ವ ಆಕೆಯ ಮಾತು ಮುಗಿಯುವವರೆಗೆ ಕಾದ. ಈ ಸಲ ಅವನ ಹಿಂದಿನ ವಾಕ್ಯ ಅವನಿಗೆ ನೆನಪಾಗಲಿಲ್ಲ. ಒದ್ದೆಯಾದ ಅಂಗಿ ಕೊಡವಿ, ನೀಲಗಂಗಾಳ ಕಡೆ ತಿರುಗಿ, "ಲೈನ್ ಯಾವಾಗ ಸರಿಹೋಗುತ್ತೆ?" ಎಂದ.

"ಇಮಾಮಸಾಬನ್ನ ಕೇಳಬೇಕ್ರೀ."

ನಾಳೆ ಸಂಜೆಗೆ ಎಂದ ಇಮಾಮಸಾಬ. ಅಂದು ಸಂಜೆ ಮಂತ್ರಿಗಳು ಇನ್ನೂರ ಹನ್ನೊಂದು ಹಸಿರು ದೀಪ ನೋಡಿ ಚಪ್ಪಾಳೆ ತಟ್ಟಿದರು. ಯಾರೂ ಎಣಿಸಲಿಲ್ಲ.

ಚೆಲ್ಲಿದ್ದು ನಡುಕದಿಂದಲೋ ಬೇಕೆಂದೋ ಎಂದು ಅಂದು ಮನೆಗೆ ಹೋಗುವ ದಾರಿಯಲ್ಲಿ ಮಂಜವ್ವ ತಾಯಿಯನ್ನು ಕೇಳಿದಳು. "ಕೈ ನಂದಾದ್ರೂ ಮಾತು ನಂದು ಕೇಳಂಗಿಲ್ಲ ಈಗ," ಎಂದಳು ಫಕ್ಕೀರವ್ವ. "ಇವತ್ತೊಂದು ದಿನ ಕೇಳಿದ್ವು ನೋಡು."

ಹದಿನಾಲ್ಕರ ಸಂಜೆ ಕರೆಂಟು ಬಂತು. ಯಮನೂರಪ್ಪ ಮೊದಲು ಒಂದು ಲೋಟ ಚಹ ಕುದಿಸಿ ಕುಡಿದ. ಆಮೇಲೆ ಕೆಟಲಿನ ಪಿನ್ನು ಕಿತ್ತು, ಪೆಟ್ಟಿಗೆಯ ಪಿನ್ನು ಚುಚ್ಚಿದ. ಹಿರೇಮುಗಳಿಯಲ್ಲಿ ನೀಲಗಂಗಾ ಪರದೆಯ ಮುಂದಿದ್ದಳು. ಮೂಲೆಯ ಕಪ್ಪು ದೀಪ ಹಳದಿಯಾಯಿತು. ಕರೇಹೊಂಡದ ಪೆಟ್ಟಿಗೆ ಹದಿನಾಲ್ಕು ದಿನದ ನಿದ್ದೆಯಿಂದೆದ್ದು ನೆರೆಯವರನ್ನು ಮಾತಾಡಿಸಿತು. ನನ್ನ ಕಡೆ ಇವು ಅದಾವ, ನಿನ್ನ ಕಡೆ ಇಲ್ಲ, ತಗೋ. ನೆರೆಯವರಿಗೆ ಸತ್ತವರ ನೆನಪಿರಲಿಲ್ಲ. ತಗೊಂಡರು. ನಾಲ್ಕು ನಿಮಿಷ ಹಿಡಿಯಿತು. ಸಾವು ಹರಡಿದ ವೇಗದಲ್ಲೇ, ಅದೇ ತಂತಿಗಳಲ್ಲಿ, ಕೇಂದ್ರದ ಸೂರ್ಯನವರೆಗೂ. ನೀಲಗಂಗಾ ಕಂಪನಿಯ ದಿನಚರಿ ತೆರೆದಳು. ‘ಹದಿನಾಲ್ಕು, ಏಳನೇ ಪ್ಲಾಟು.’ ಪಕ್ಕದಲ್ಲಿ ಕೆಂಪು ಚುಕ್ಕೆ.

ಹದಿನಾರರಂದು ಮಂಡಳಿಯಲ್ಲಿ ಕಂಪನಿಯ ವಕೀಲ ಈ ಕೊಂಡಿಗಳು ಸತ್ತಿವೆ ಎಂದು ವಾದಿಸಿದ. ಮಂಡಳಿಯ ಅಧ್ಯಕ್ಷೆ ಕನ್ನಡಕ ಏರಿಸಿ, ಚುಕ್ಕೆಯ ಮೇಲೆ ಬೆರಳಿಟ್ಟು, ಹಾಜರಿ ಪುಸ್ತಕಕ್ಕೆ ಹೋದಳು, ಅಲ್ಲಿಂದ ಆರೋಗ್ಯ ಕೇಂದ್ರದ ದಫ್ತರಿಗೆ ಹೋದಳು, ತಿರುಗಿ ಬಂದಳು. "ಸತ್ತದ್ದರ ಮೇಲೆ ನಡೆದು ಹೋಗಿ ಬಂದೆನೆ ನಾನು?" ಎಂದು ಕೇಳಿದಳು. ಮೂವತ್ತೊಂದು ಸಲ ಹೋಗಿಬಂದಳು. ಊಟದ ಹೊತ್ತು ಮೀರಿತು.

ಆ ಔಷಧವನ್ನು ತಾಲೂಕಿನಲ್ಲಿ ಹೊಡೆಯಬಾರದೆಂದು ಆದೇಶವಾಯಿತು. ಪಕ್ಕದ ತಾಲೂಕಿಗೆ ಆದೇಶ ಅನ್ವಯಿಸುವುದಿಲ್ಲ. ಅಲ್ಲಿಯ ಕೊಂಡಿಗಳ ಪ್ರತಿ ಕರೇಹೊಂಡದಲ್ಲಿ ಇರಲಿಲ್ಲ. ಮಂಜವ್ವ ಹಂಗಾಮಿಗೆ ಏಳನೇ ಪ್ಲಾಟಿನಲ್ಲಿ ನಿಂತಳು. ಫಕ್ಕೀರವ್ವನ ಕೈ ಈಗಲೂ ನಡುಗುತ್ತದೆ. ನೀಲಗಂಗಾಳನ್ನು ವಿಚಾರಣೆ ಬಾಕಿಯಿಟ್ಟು ಉಗ್ರಾಣಕ್ಕೆ ವರ್ಗ ಮಾಡಿದರು. ಸೂತಕದ ಅವಧಿಯನ್ನು ಹನ್ನೊಂದು ದಿನದಿಂದ ಒಂದು ವರ್ಷಕ್ಕೆ ಏರಿಸಿ ಸುಧನ್ವನ ಸಹಿಯ ಸುತ್ತೋಲೆ ಹೊರಟಿತು. ಕರೇಹೊಂಡದ ಎರಡನೆಯ ಪ್ಲಗ್ಗಿನ ಮಂಜೂರಾತಿ ರದ್ದಾಯಿತು.

ಮೂರನೆಯ ತಾರೀಖು ಸತ್ತ ಕೊಂಡಿಗಳು ಒಟ್ಟು ಒಂದು ಕೋಟಿ ಹನ್ನೆರಡು ಲಕ್ಷ. ತಿರುಗಿ ಬಂದವು ಆರು ಸಾವಿರದ ನಾಲ್ಕುನೂರ ಹದಿನೇಳು.